ಮಲದ ಹನಿಯಲ್ಲಿ ಜೀವಲೋಕ ಕಂಡ ಬಟ್ಟೆ ವ್ಯಾಪಾರಿ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುವವರಿಗೆ ಆನಗೋಡು ಅಪರಿಚಿತ ಊರೇನಲ್ಲ. ಅಲ್ಲಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯವು ರಾಜ್ಯದ ಚಿಕ್ಕ ಮೃಗಾಲಯಗಳಲ್ಲೊಂದು. ರಜಾದಿನಗಳಲ್ಲಿ ದಾವಣಗೆರೆ, ಹರಿಹರಗಳ ಕುಟುಂಬಗಳು ಮಕ್ಕಳೊಡನೆ ಅಲ್ಲಿಗೆ ಹೋಗಿಬರುವುದುಂಟು. ಇಂತಹ ಯಾವುದೇ ಮೃಗಾಲಯದಲ್ಲಿ ಬೋನಿನ ಮುಂದೆ ನಿಂತವರ ದೃಷ್ಟಿ ಸಹಜವಾಗಿಯೇ ಪ್ರಾಣಿಯ ಮೇಲಿರುತ್ತದೆ. ಆದರೆ ಪ್ರಾಣಿಯ ಆರೋಗ್ಯ ಕಾಯುವವರ ದೃಷ್ಟಿ ಮೊದಲು ಬೀಳಬೇಕಾದದ್ದು ಬೋನಿನ ನೆಲದ ಮೇಲೆ. ಅಲ್ಲಿ ಬಿದ್ದಿರುವ ಮಲದ ಮೇಲೆ.

ಮೃಗಾಲಯಗಳ ಮಾನ್ಯತೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ನಿಯಮಗಳು 1992ರಲ್ಲಿ ರೂಪುಗೊಂಡು 2009ರಲ್ಲಿ ಹೊಸದಾಗಿ ಜಾರಿಗೆ ಬಂದವು. ಪ್ರಾಣಿಗಳ ಪರೋಪಜೀವಿ ತಪಾಸಣೆ ನಿಯಮಿತವಾಗಿ ನಡೆಯಬೇಕೆಂದು ಅವು ವಿಧಿಸುತ್ತವೆ. ಜಿಂಕೆ, ಚಿರತೆಗಳಿಗೆ ಈ ತಪಾಸಣೆ ಎಷ್ಟು ಅಗತ್ಯವೋ ಸರೀಸೃಪಗಳಿಗೆ ಅದಕ್ಕಿಂತ ಹೆಚ್ಚು ಅಗತ್ಯ. ಹಾವು, ಆಮೆ, ಉಡ, ಮೊಸಳೆಗಳು ತಮ್ಮ ಕಾಯಿಲೆಯನ್ನು ಸುಲಭವಾಗಿ ಹೊರಗೆಡಹುವುದಿಲ್ಲ. ಹುಲಿ ಒಂದೆರಡು ದಿನ ಮಾಂಸ ಮುಟ್ಟದಿದ್ದರೆ ಕಾವಲುಗಾರನಿಗೆ ಅನುಮಾನ ಬರುತ್ತದೆ. ಹಾವಾದರೋ ಆರೋಗ್ಯವಾಗಿರುವಾಗಲೂ ವಾರಗಟ್ಟಲೆ ಉಪವಾಸವಿರಬಲ್ಲದು. ಅದು ಕಾಯಿಲೆಯಿಂದ ಮಂಕಾಗಿದೆಯೆಂದು ಹೊರಗಿನವರಿಗೆ ತಿಳಿಯುವ ಹೊತ್ತಿಗೆ ಒಳಗಿನ ಕರುಳು ಬಹಳಷ್ಟು ಹಾಳಾಗಿರುವ ಸಂಭವವಿದೆ. ಆದ್ದರಿಂದ ಪಶುವೈದ್ಯರು ಹಾವನ್ನು ನೋಡುವುದರ ಜೊತೆಗೆ ಅದರ ಮಲದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು ಸೂಕ್ಷ್ಮದರ್ಶಕದಡಿ ನೋಡುತ್ತಾರೆ.

ಈ ಕೆಲಸಕ್ಕೆ ಒಬ್ಬ ಮೂಲಪುರುಷನಿದ್ದಾನೆ. ಆತ ವೈದ್ಯನಲ್ಲ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನೂ ಅಲ್ಲ. ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಆತನ ಹೆಸರು ಆಂಟನಿ ವಾನ್ ಲೀವೆನ್‌ಹುಕ್. ಕರುಳಿನಲ್ಲಿ ವಾಸಿಸುವ ಏಕಕೋಶ ಜೀವಿಗಳನ್ನು, ಅಂದರೆ ಆದಿಜೀವಿ ಅಥವಾ ಪ್ರೊಟೊಜೋವಾಗಳನ್ನು, ಮೊತ್ತಮೊದಲು ಕಣ್ಣಾರೆ ಕಂಡು ಬರೆದಿಟ್ಟವನು ಆತನೇ. ಕಂಡದ್ದು ಆತನ ಹಿರಿಮೆ. ಕಾಣುವ ವಿದ್ಯೆಯನ್ನು ಯಾರಿಗೂ ಕಲಿಸದೆ ಹೋದದ್ದು ಆತನ ಬದುಕಿನ ಇನ್ನೊಂದು ಮುಖ. ಈ ಎರಡರ ಫಲವನ್ನೂ ಲೋಕ ಉಂಡಿದೆ.

ಬುಟ್ಟಿ ಹೆಣೆಯುವವನ ಮಗ

ಲೀವೆನ್‌ಹುಕ್ ಹುಟ್ಟಿದ್ದು 1632ರ ಅಕ್ಟೋಬರ್ 24ರಂದು. ತಂದೆ ಫಿಲಿಪ್ಸ್ ಬುಟ್ಟಿ ಹೆಣೆಯುವ ಕಸುಬಿನವನು. ತಾಯಿ ಮಾರ್ಗರೇತಾ ಬಿಯರ್ ತಯಾರಿಸುವ ಮನೆತನದವಳು. ಹುಡುಗನಿಗೆ ಐದಾರು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ತಾಯಿ ಕೆಲಕಾಲದ ಮೇಲೆ ಒಬ್ಬ ಚಿತ್ರಕಾರನನ್ನು ಮರುಮದುವೆಯಾದಳು. ಹುಡುಗನನ್ನು ಹೊರಊರಿನ ಶಾಲೆಗೆ ಕಳಿಸಲಾಯಿತು. ಅನಂತರ ಕಾನೂನು ಬಲ್ಲ ಬಂಧುವೊಬ್ಬರ ಮನೆಯಲ್ಲಿ ಆತ ಕೆಲದಿನ ಬೆಳೆದ. ಆ ಕಾಲದ ಯುರೋಪಿನಲ್ಲಿ ವಿದ್ವಾಂಸನೆನಿಸಲು ಲ್ಯಾಟಿನ್ ಬೇಕಿತ್ತು. ಲೀವೆನ್‌ಹುಕ್ ಅದನ್ನು ಕಲಿಯಲಿಲ್ಲ. ಬದುಕಿನುದ್ದಕ್ಕೂ ಆತ ಓದಿ ಬರೆದದ್ದು ತನ್ನ ತಾಯ್ನುಡಿಯಾದ ಡಚ್ಚಿನಲ್ಲಿ ಮಾತ್ರ.

ಹದಿನಾರನೆಯ ವಯಸ್ಸಿಗೆ, 1648ರಲ್ಲಿ, ಆತ ಆಮ್‌ಸ್ಟರ್‌ಡಾಮಿನ ಬಟ್ಟೆ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದ. 1654ರಲ್ಲಿ ಊರಿಗೆ ಮರಳಿ ಬಾರ್ಬರಾ ಎಂಬವಳನ್ನು ವರಿಸಿ, ಮನೆ ಕೊಂಡು, ಸ್ವಂತ ಬಟ್ಟೆ ಅಂಗಡಿ ತೆರೆದ. ಸಂಸಾರ ಸುಖ ಹೆಚ್ಚು ದಿನ ಉಳಿಯಲಿಲ್ಲ. ಹುಟ್ಟಿದ ಐವರು ಮಕ್ಕಳಲ್ಲಿ ಬದುಕಿದವಳು ಮಾರಿಯಾ ಒಬ್ಬಳೇ. 1666ರಲ್ಲಿ ಹೆಂಡತಿಯೂ ಕಣ್ಮುಚ್ಚಿದಳು. 1671ರಲ್ಲಿ ಆತ ಮತ್ತೆ ಮದುವೆಯಾದ. ಮಗಳು ಮಾರಿಯಾ ಮಾತ್ರ ಮದುವೆಯಾಗದೆ ಕೊನೆಯತನಕ ತಂದೆಯ ಜೊತೆಗೇ ಉಳಿದಳು.

ಹೊಟ್ಟೆಪಾಡಿಗೆ ಅಂಗಡಿಯಲ್ಲದೆ ಊರಿನ ಆಡಳಿತದ ಕೆಲಸವೂ ಆತನಿಗೆ ದೊರೆಯಿತು. 1660ರಲ್ಲಿ ಪಟ್ಟಣದ ನ್ಯಾಯಾಧಿಕಾರಿಗಳ ಸಭಾಗೃಹವನ್ನು ನೋಡಿಕೊಳ್ಳುವ ಹುದ್ದೆಗೆ ನೇಮಕಗೊಂಡ. 1669ರಲ್ಲಿ ಭೂಮಾಪಕನ ಪರೀಕ್ಷೆಯಲ್ಲಿ ತೇರ್ಗಡೆಯಾದ. 1679ರಲ್ಲಿ ಮದ್ಯದ ಪೀಪಾಯಿಗಳನ್ನು ಅಳೆಯುವ ಅಧಿಕಾರಿಯಾದ. ಬಟ್ಟೆ, ನೆಲ, ಮದ್ಯ, ಹೀಗೆ ಬದುಕೆಲ್ಲ ಅಳೆಯುವುದರಲ್ಲೇ ಕಳೆಯಿತು. ಮುಂದೆ ಕಣ್ಣಿಗೆ ಕಾಣದ ಜೀವಿಗಳನ್ನು ಕಂಡಾಗಲೂ ಆತ ಮೊದಲು ಮಾಡಿದ್ದು ಅಳತೆಯನ್ನೇ.

ನೂಲು ಎಣಿಸುವ ಗಾಜು

ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹಳಬರಿಗೆ ಬಟ್ಟೆಯ ಗುಣ ಅಳೆಯುವ ಬಗೆ ತಿಳಿದೇ ಇದೆ. ನಿಗದಿತ ಅಗಲದಲ್ಲಿ ಹಾಸುನೂಲು ಎಷ್ಟು, ಹೊಕ್ಕುನೂಲು ಎಷ್ಟು ಎಂದು ಚಿಕ್ಕದೊಂದು ಭೂತಗನ್ನಡಿ ಇಟ್ಟು ಎಣಿಸುವುದು ಜವಳಿ ವ್ಯಾಪಾರದಲ್ಲಿ ಹಳೆಯ ವಾಡಿಕೆ. ಹದಿನೇಳನೆಯ ಶತಮಾನದ ಹಾಲೆಂಡಿನ ಬಟ್ಟೆ ವ್ಯಾಪಾರಿಗಳೂ ಇಂಥ ಗಾಜುಗಳನ್ನು ಬಳಸುತ್ತಿದ್ದರು. ಲೀವೆನ್‌ಹುಕ್‌ನ ಕೈಗೆ ಮಸೂರ ಬಂದದ್ದು ಹೀಗೆ ಎಂದು ಚರಿತ್ರಕಾರರು ಊಹಿಸುತ್ತಾರೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಿಂದ ಕಂಡ ವಸ್ತುಗಳ ಚಿತ್ರಗಳನ್ನೊಳಗೊಂಡ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ್ದ. ಅದು ಯುರೋಪಿನಲ್ಲೆಲ್ಲ ಕುತೂಹಲ ಕೆರಳಿಸಿತ್ತು.

ಅಂದಿನ ಸೂಕ್ಷ್ಮದರ್ಶಕಗಳಲ್ಲಿ ಹೆಚ್ಚಿನವು ಎರಡು ಅಥವಾ ಹೆಚ್ಚು ಮಸೂರಗಳ ಉದ್ದ ಕೊಳವೆಗಳು. ಹೆಚ್ಚು ಹಿಗ್ಗಿಸಿದಷ್ಟೂ ಬಿಂಬ ಮಸುಕಾಗಿ, ಅಂಚಿನಲ್ಲಿ ಬಣ್ಣ ಕದಡುತ್ತಿತ್ತು. ಲೀವೆನ್‌ಹುಕ್ ಬೇರೆಯದೇ ದಾರಿ ಹಿಡಿದ. ಆತನ ಉಪಕರಣದಲ್ಲಿ ಇದ್ದದ್ದು ಒಂದೇ ಮಸೂರ. ಕಾಳಿಗಿಂತ ಚಿಕ್ಕದಾದ ಗಾಜಿನ ಹರಳು. ಬೆರಳುದ್ದದ ಎರಡು ಹಿತ್ತಾಳೆ ಅಥವಾ ಬೆಳ್ಳಿ ತಗಡುಗಳ ನಡುವೆ ಅದನ್ನು ಕೂರಿಸಿ, ನೋಡಬೇಕಾದ ವಸ್ತುವನ್ನು ಅದರೆದುರು ಸೂಜಿಯ ತುದಿಗೆ ಅಂಟಿಸುತ್ತಿದ್ದ. ದ್ರವವಾದರೆ ಕೂದಲಿನಂಥ ಸಣ್ಣ ಗಾಜಿನ ನಳಿಗೆಗೆ ಏರಿಸುತ್ತಿದ್ದ. ತಿರುಪುಗಳಿಂದ ಸೂಜಿಯನ್ನು ಹಿಂದೆ ಮುಂದೆ ಸರಿಸಿ, ತಗಡನ್ನು ಕಣ್ಣಿಗೆ ಒತ್ತಿ ಹಿಡಿದು, ಬೆಳಕಿಗೆ ಮುಖಮಾಡಿ ನೋಡಬೇಕಿತ್ತು. ಉಳಿದು ಬಂದಿರುವ ಇಂಥ ಉಪಕರಣಗಳಲ್ಲಿ ಅತ್ಯಂತ ಶಕ್ತಿಶಾಲಿಯಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆತ ಬದುಕಿನಲ್ಲಿ ತಯಾರಿಸಿದ ಮಸೂರಗಳು 500ಕ್ಕೂ ಹೆಚ್ಚು.

ಲಂಡನ್ನಿಗೆ ಪತ್ರ

ಡೆಲ್ಫ್ಟ್‌ನ ತರುಣ ವೈದ್ಯ ರೆನಿಯರ್ ಡಿ ಗ್ರಾಫ್ ಈ ಬಟ್ಟೆ ವ್ಯಾಪಾರಿಯ ಕೈಚಳಕವನ್ನು ಗುರುತಿಸಿದ. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಲೀವೆನ್‌ಹುಕ್‌ನನ್ನು ಪರಿಚಯಿಸಿದ. ಅದೇ ವರ್ಷ ಡಿ ಗ್ರಾಫ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆತ ಕಟ್ಟಿಕೊಟ್ಟ ಸಂಬಂಧ ಮಾತ್ರ ಅರ್ಧ ಶತಮಾನ ನಡೆಯಿತು. ಲೀವೆನ್‌ಹುಕ್ ಪುಸ್ತಕ ಬರೆಯಲಿಲ್ಲ, ಪ್ರಬಂಧ ಮಂಡಿಸಲಿಲ್ಲ. ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದು ಕಳಿಸಿದ. ಊಟ, ಆರೋಗ್ಯ, ನೆರೆಹೊರೆಯವರ ಮಾತು ಎಲ್ಲವೂ ಆ ಪತ್ರಗಳಲ್ಲಿ ಬೆರೆತಿರುತ್ತಿದ್ದವು. ಸ್ವತಃ ಚಿತ್ರ ಬರೆಯಲು ಬಾರದ್ದರಿಂದ ಚಿತ್ರಕಾರರನ್ನು ಕೂಲಿಗೆ ಇಟ್ಟುಕೊಂಡು ಬರೆಸಿದ. ಲಂಡನ್ನಿನಲ್ಲಿ ಅವು ಭಾಷಾಂತರಗೊಂಡು ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು.

ನಮ್ಮ ವಿಷಯಕ್ಕೆ ಮುಖ್ಯವಾದ ಮೊದಲ ಪತ್ರ 1674ರ ಅಕ್ಟೋಬರ್ ತಿಂಗಳದ್ದು. ಮುದಿ ಮೊಲವೊಂದರ ಪಿತ್ತರಸವನ್ನು ಪರೀಕ್ಷಿಸಿದಾಗ ಅದರಲ್ಲಿ ಮೊಟ್ಟೆಯಾಕಾರದ ಕಣಗಳು ಕಂಡವೆಂದು ಆತ ಅದರಲ್ಲಿ ತಿಳಿಸಿದ್ದಾನೆ. ಮೊಲದ ಪಿತ್ತಜನಕಾಂಗವನ್ನು ಕಾಡುವ ಐಮೀರಿಯಾ ಎಂಬ ಪರೋಪಜೀವಿಯ ಕೋಶಗಳೇ ಅವು ಎಂದು ಮುಂದಿನವರು ಗುರುತಿಸಿದರು. ಮನುಷ್ಯ ಕಂಡ ಮೊದಲ ಪರೋಪಜೀವಿ ಆದಿಜೀವಿ ಅದೇ ಎಂಬುದು ವಿದ್ವಾಂಸರ ಮತ. ಐಮೀರಿಯಾದ ಬಂಧುಗಳು ಇಂದಿಗೂ ಕೋಳಿ, ಕುರಿ, ಹಾವು, ಹಲ್ಲಿಗಳ ಕರುಳಿನಲ್ಲಿ ಸಿಗುತ್ತವೆ.

1676ರ ಅಕ್ಟೋಬರ್ 9ರಂದು ಬರೆದ ದೀರ್ಘ ಪತ್ರ ಲಂಡನ್ನಿನ ಪಂಡಿತರನ್ನು ತಬ್ಬಿಬ್ಬುಗೊಳಿಸಿತು. ಮಳೆನೀರಿನಲ್ಲಿ, ಬಾವಿನೀರಿನಲ್ಲಿ, ಮೆಣಸು ನೆನೆಹಾಕಿದ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ಈಜಾಡುತ್ತಿವೆ ಎಂದು ಆತ ಬರೆದಿದ್ದ. ಮರಳ ಕಣವೊಂದರ ಜೊತೆ ಹೋಲಿಸಿ ಅವುಗಳ ಗಾತ್ರವನ್ನೂ ಲೆಕ್ಕಹಾಕಿದ್ದ. ಇದನ್ನು ನಂಬುವುದು ಹೇಗೆ? ಲ್ಯಾಟಿನ್ ಬಾರದ ವ್ಯಾಪಾರಿಯೊಬ್ಬ, ತಾನು ಬಿಟ್ಟರೆ ಬೇರೆ ಯಾರೂ ನೋಡದ ಲೋಕವೊಂದರ ವರದಿ ಕಳಿಸುತ್ತಿದ್ದಾನೆ. ಸಂದೇಹ ಎದ್ದದ್ದು ಸಹಜ. ಲೀವೆನ್‌ಹುಕ್ ಊರಿನ ಗಣ್ಯರನ್ನು ಕರೆದು ತನ್ನ ಮಸೂರದಲ್ಲಿ ನೋಡಿಸಿದ. ಪಾದ್ರಿಗಳೂ ಸೇರಿದಂತೆ 8 ಮಂದಿ ತಾವು ಕಂಡದ್ದು ನಿಜವೆಂದು ಬರೆದುಕೊಟ್ಟ ಸಾಕ್ಷ್ಯಪತ್ರಗಳನ್ನು 1677ರಲ್ಲಿ ಲಂಡನ್ನಿಗೆ ಕಳಿಸಿದ. ಅದೇ ವರ್ಷ ನವೆಂಬರಿನಲ್ಲಿ ರಾಬರ್ಟ್ ಹುಕ್ ತಾನೇ ಮೆಣಸಿನ ನೀರು ತಯಾರಿಸಿ, ಸೊಸೈಟಿಯ ಸದಸ್ಯರ ಎದುರಿಗೆ ಆ ಜೀವಿಗಳನ್ನು ತೋರಿಸಿದ. ಸಂದೇಹ ಕರಗಿತು. 1680ರಲ್ಲಿ ರಾಯಲ್ ಸೊಸೈಟಿ ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಚುನಾಯಿಸಿತು.

ತನ್ನದೇ ಹೊಟ್ಟೆಯ ಪರೀಕ್ಷೆ

ಮರುವರ್ಷ, 1681ರ ನವೆಂಬರ್ 4ರಂದು, ಹುಕ್‌ಗೆ ಬರೆದ ಪತ್ರ ವೈದ್ಯಕೀಯ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಲೀವೆನ್‌ಹುಕ್‌ಗೆ ಆಗ ಹೊಟ್ಟೆ ಕೆಟ್ಟಿತ್ತು. ಬೇರೆಯವರಾಗಿದ್ದರೆ ಔಷಧಿ ಕುಡಿದು ಮಲಗುತ್ತಿದ್ದರು. ಆತ ತನ್ನ ಮಲದ ಕಣವನ್ನೇ ತೆಗೆದು ಮಸೂರದೆದುರು ಹಿಡಿದ. ಅಗಲಕ್ಕಿಂತ ಸ್ವಲ್ಪ ಉದ್ದವಾದ, ಚಪ್ಪಟೆ ಹೊಟ್ಟೆಯ ಜೀವಿಗಳು ಅದರಲ್ಲಿ ಕಂಡವು. ಹೊಟ್ಟೆಯಡಿ ಕಾಲುಗಳಂಥ ಎಳೆಗಳನ್ನು ಅವು ಬಿರುಸಿನಿಂದ ಆಡಿಸುತ್ತಿದ್ದರೂ ಮುಂದಕ್ಕೆ ಸಾಗುತ್ತಿದ್ದದ್ದು ನಿಧಾನವಾಗಿ. ಅವುಗಳ ಗಾತ್ರವನ್ನು ರಕ್ತದ ಕೆಂಪು ಕಣದೊಡನೆ ಹೋಲಿಸಿ ಬರೆದ.

ಅಷ್ಟಕ್ಕೇ ನಿಲ್ಲಿಸದೆ ಆತ ಬೇರೆ ಬೇರೆ ದಿನಗಳಲ್ಲಿ ಅದೇ ಪರೀಕ್ಷೆ ಮಾಡಿದ. ಮಲ ಗಟ್ಟಿಯಾಗಿದ್ದ ದಿನಗಳಲ್ಲಿ ಜೀವಿಗಳು ಕಾಣಲಿಲ್ಲ. ತೆಳುವಾಗಿದ್ದ ದಿನಗಳಲ್ಲಿ ಕಂಡವು. ಇದನ್ನೂ ದಾಖಲಿಸಿದ. ಒಂದು ಸಲ ನೋಡಿ ತೀರ್ಮಾನಕ್ಕೆ ಬರಬಾರದು, ಮತ್ತೆ ಮತ್ತೆ ನೋಡಬೇಕೆಂಬುದು ಇಂದು ಪ್ರಯೋಗಾಲಯಗಳು ಪಾಲಿಸುವ ನಿಯಮ. ಅದರ ಮೊದಲ ಉದಾಹರಣೆ ಈ ಪತ್ರದಲ್ಲಿದೆ. ಆತ ಕಂಡದ್ದು ಇಂದು ಜಿಯಾರ್ಡಿಯಾ ಎಂದು ಕರೆಯುವ ಪರೋಪಜೀವಿಯನ್ನು. ಕಲುಷಿತ ನೀರಿನಿಂದ ಹರಡಿ ಭೇದಿ ಉಂಟುಮಾಡುವ ಈ ಜೀವಿ ನಮ್ಮ ಊರುಗಳಲ್ಲೂ ಅಪರೂಪವೇನಲ್ಲ.

1683ರಲ್ಲಿ ಆತನ ಗಮನ ಕಪ್ಪೆಯ ಕಡೆ ತಿರುಗಿತು. ಕಪ್ಪೆಯ ಕರುಳಿನ ದ್ರವ್ಯದಲ್ಲಿ ಹಲವು ಬಗೆಯ ಜೀವಿಗಳು ತುಂಬಿ ತುಳುಕುತ್ತಿರುವುದನ್ನು ಆತ ಕಂಡ. ಅವು ಓಪಲೈನಾ ಮತ್ತು ನಿಕ್ಟೊಥೀರಸ್ ಜಾತಿಯವೆಂದು ಮುಂದಿನ ತಜ್ಞರು ಗುರುತಿಸಿದರು. ಕಪ್ಪೆ ಉಭಯವಾಸಿ, ಸರೀಸೃಪವಲ್ಲ. ಆದರೂ ಶೀತರಕ್ತದ ಕಶೇರುಕವೊಂದರ ಕರುಳಿನಲ್ಲಿ ಆದಿಜೀವಿಗಳನ್ನು ಹುಡುಕುವ ಪರಂಪರೆ ಆರಂಭವಾದದ್ದು ಅಲ್ಲಿಂದಲೇ. ಇಂದು ಆಮೆಯ ಮಲವನ್ನು ಪರೀಕ್ಷಿಸುವ ಪಶುವೈದ್ಯರಿಗೆ ನಿಕ್ಟೊಥೀರಸ್‌ನ ಹತ್ತಿರದ ಬಂಧುಗಳೇ ಎದುರಾಗುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಭೇದಿಯ ದಿನಗಳಲ್ಲಿ ಮಾತ್ರ ಜೀವಿಗಳು ಕಂಡರೂ ಅವೇ ಭೇದಿಗೆ ಕಾರಣವೆಂದು ಲೀವೆನ್‌ಹುಕ್ ಘೋಷಿಸಲಿಲ್ಲ. ಕಪ್ಪೆಯ ಹೊಟ್ಟೆಯಲ್ಲಿ ಜೀವಿಗಳಿವೆಯೆಂದ ಮಾತ್ರಕ್ಕೆ ಕಪ್ಪೆ ರೋಗಿಯೆಂದೂ ಹೇಳಲಿಲ್ಲ. ಕಂಡದ್ದಕ್ಕಿಂತ ಒಂದು ಹೆಜ್ಜೆಯನ್ನೂ ಆತ ಮುಂದಿಡಲಿಲ್ಲ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬ ಸಿದ್ಧಾಂತ ನೆಲೆಗೊಳ್ಳಲು ಇನ್ನೂ ಸುಮಾರು 200 ವರ್ಷ ಬೇಕಿತ್ತು.

ಬಚ್ಚಿಟ್ಟ ವಿದ್ಯೆ

ಕೀರ್ತಿ ಬೆಳೆದಂತೆ ಡೆಲ್ಫ್ಟ್‌ನ ಆ ಮನೆಗೆ ಯಾತ್ರೆ ಆರಂಭವಾಯಿತು. 1698ರಲ್ಲಿ ರಷ್ಯದ ಚಕ್ರವರ್ತಿ ಪೀಟರ್ ಬಂದು, ಈಲ್ ಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ಕಂಡು ಬೆರಗಾದ. ಬಂದವರಿಗೆಲ್ಲ ಲೀವೆನ್‌ಹುಕ್ ಕೆಲವು ಉಪಕರಣಗಳನ್ನು ತೋರಿಸುತ್ತಿದ್ದ. ಅತ್ಯುತ್ತಮವಾದವುಗಳನ್ನು ಮಾತ್ರ ಯಾರಿಗೂ ತೋರಿಸದೆ ತನಗಾಗಿ ಇಟ್ಟುಕೊಂಡಿದ್ದ. ಮಸೂರ ತಯಾರಿಸುವ ಬಗೆಯನ್ನಾಗಲಿ, ಅತಿ ಚಿಕ್ಕ ಜೀವಿಗಳನ್ನು ಸ್ಪಷ್ಟವಾಗಿ ಕಾಣುವ ಉಪಾಯವನ್ನಾಗಲಿ ಬಾಯಿಬಿಟ್ಟು ಹೇಳಲಿಲ್ಲ.

ಈ ಗುಟ್ಟುತನ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್‌ನನ್ನು ಚಿಂತೆಗೀಡುಮಾಡಿತು. ತರುಣರಿಗೆ ಈ ವಿದ್ಯೆಯನ್ನು ಕಲಿಸುವ ವ್ಯವಸ್ಥೆ ಮಾಡಬಾರದೇಕೆಂದು ಆತ ವಿಚಾರಿಸಿದ. 1715ರಲ್ಲಿ ಲೀವೆನ್‌ಹುಕ್ ಕಳಿಸಿದ ಉತ್ತರ ನಿರಾಸೆಯದು. ಅದಕ್ಕೆ ಬಹಳ ಕಾಲ, ಬಹಳ ಹಣ ಬೇಕು. ಹೆಚ್ಚಿನವರು ಕಲಿಯಲು ಬರುವುದು ಹಣಕ್ಕೆ ಅಥವಾ ಹೆಸರಿಗೆ. ಸಾವಿರದಲ್ಲಿ ಒಬ್ಬನಿಗೂ ಬೇಕಾದ ತಾಳ್ಮೆ ಇರುವುದಿಲ್ಲ ಎಂಬ ಅರ್ಥದಲ್ಲಿ ಆತ ಬರೆದ. ತನ್ನ ತಾಳ್ಮೆಯ ಬೆಲೆ ಬಲ್ಲವನ ಮಾತು ಅದು ಎನ್ನಬಹುದು. ಆದರೆ ಆ ನಿರ್ಧಾರಕ್ಕೆ ಬೆಲೆ ತೆತ್ತವರು ಮುಂದಿನವರು.

1723ರ ಆಗಸ್ಟ್ 26ರಂದು, 90ನೆಯ ವಯಸ್ಸಿನಲ್ಲಿ, ಲೀವೆನ್‌ಹುಕ್ ಕೊನೆಯುಸಿರೆಳೆದ. ವಪೆಯ ಸ್ನಾಯು ತಾನಾಗಿ ಅದುರುವ ವಿರಳ ಕಾಯಿಲೆ ಆತನನ್ನು ಕಾಡುತ್ತಿತ್ತು. ಅದರ ಲಕ್ಷಣಗಳನ್ನೂ ಆತ ಕೊನೆಯ ದಿನಗಳಲ್ಲಿ ಲಂಡನ್ನಿಗೆ ಬರೆದು ಕಳಿಸಿದ್ದ. ಆ ಕಾಯಿಲೆಗೆ ಇಂದು ಆತನದೇ ಹೆಸರಿದೆ. ತಂದೆಯ ಇಚ್ಛೆಯಂತೆ ಮಗಳು ಮಾರಿಯಾ 26 ಬೆಳ್ಳಿ ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯೊಂದನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪೆಟ್ಟಿಗೆ ಕಳೆದುಹೋಯಿತು. ಮನೆಯಲ್ಲಿ ಉಳಿದವು ಮಾರಿಯಾಳ ಮರಣಾನಂತರ 1747ರಲ್ಲಿ ಹರಾಜಾದವು. ನೂರಾರು ಉಪಕರಣಗಳ ಪೈಕಿ ಇಂದು ಉಳಿದಿರುವುದು ಹತ್ತು ಹನ್ನೆರಡು ಮಾತ್ರ. ಮಸೂರದ ಗುಟ್ಟಿನ ಒಂದು ಭಾಗ ಬಯಲಾದದ್ದು 2021ರಲ್ಲಿ. ಹಾಲೆಂಡಿನ ಸಂಶೋಧಕರು ನ್ಯೂಟ್ರಾನ್ ಕಿರಣಗಳ ನೆರವಿನಿಂದ ಉಪಕರಣವನ್ನು ಬಿಚ್ಚದೆಯೇ ಒಳಗಿನ ಮಸೂರದ ಆಕಾರವನ್ನು ಕಂಡುಕೊಂಡರು. ಅತಿ ಶಕ್ತಿಯ ಆ ಮಸೂರ ಗಾಜಿನ ಎಳೆಯನ್ನು ಕರಗಿಸಿ ಮಾಡಿದ ಪುಟ್ಟ ಗುಂಡು. ಅಂಥದನ್ನು ಮಾಡುವ ಕ್ರಮವನ್ನು ರಾಬರ್ಟ್ ಹುಕ್ 1665ರ ಗ್ರಂಥದಲ್ಲಿ ಆಗಲೇ ಹೇಳಿದ್ದ.

ಇನ್ನೂರು ವರ್ಷದ ಮೌನ

ಶಿಷ್ಯರಿಲ್ಲದ ಗುರುವಿನ ವಿದ್ಯೆ ಆತನೊಡನೆ ಮಣ್ಣಾಯಿತು. ಲೀವೆನ್‌ಹುಕ್ 1681ರಲ್ಲಿ ಕಂಡ ಜೀವಿಯನ್ನು ಪ್ರೇಗ್‌ನ ವೈದ್ಯ ವಿಲೆಮ್ ಲ್ಯಾಂಬ್ಲ್ ಮತ್ತೆ ವಿವರಿಸಿದ್ದು 1859ರಲ್ಲಿ. ನಡುವೆ 178 ವರ್ಷಗಳು ಕಳೆದಿದ್ದವು. ಜಿಯಾರ್ಡಿಯಾ ಎಂಬ ಹೆಸರು ಹುಟ್ಟಿದ್ದು 1882ರಲ್ಲಿ. ಅದೂ ಕಪ್ಪೆಮರಿಗಳ ಕರುಳಿನಲ್ಲಿ ಸಿಕ್ಕ ಜೀವಿಯಿಂದ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ಫ್ಯೋದೊರ್ ಲ್ಯೋಶ್ ರಕ್ತಭೇದಿಯ ರೋಗಿಯೊಬ್ಬನ ಮಲದಲ್ಲಿ ಅಮೀಬಾ ಕಂಡ.

ಸರೀಸೃಪಗಳ ಸರದಿ ಬಂದದ್ದು ಮತ್ತೂ ತಡವಾಗಿ. ಹಾವುಗಳ ಕರುಳು, ಪಿತ್ತಜನಕಾಂಗಗಳನ್ನು ಕೊರೆದು ಕೊಲ್ಲುವ ಎಂಟಮೀಬಾ ಇನ್ವೇಡೆನ್ಸ್ ಎಂಬ ಅಮೀಬಾವನ್ನು ಬೆಲ್ಜಿಯಂನ ಝೆರೋಮ್ ರೋಡೆನ್ 1934ರಲ್ಲಿ ವಿವರಿಸಿದ. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದ ಸರೀಸೃಪಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ ಗೈಮನ್ ಮತ್ತು ರ‍್ಯಾಟ್‌ಕ್ಲಿಫ್ 1936ರಲ್ಲಿ ಅದರ ಜೀವನಚಕ್ರವನ್ನು ಪ್ರಕಟಿಸಿದರು. ಹಾವಿನ ಜಠರದ ಗೋಡೆಯನ್ನು ಊದಿಸಿ, ತಿಂದದ್ದನ್ನು ಕಕ್ಕಿಸುವ ಕ್ರಿಪ್ಟೊಸ್ಪೊರಿಡಿಯಂ 1977ರಲ್ಲಿ ವರದಿಯಾಗಿ, 1980ರಲ್ಲಿ ಹೆಸರು ಪಡೆಯಿತು.

ಬೋನಿನ ಬದುಕು ಈ ರೋಗಗಳನ್ನು ಹೇಗೆ ಬೆಳೆಸುತ್ತದೆಂಬುದು ಈ ಅಧ್ಯಯನಗಳಿಂದ ಸ್ಪಷ್ಟವಾಯಿತು. ಎಂಟಮೀಬಾ ಇನ್ವೇಡೆನ್ಸ್ ಅನೇಕ ಆಮೆಗಳ ಕರುಳಿನಲ್ಲಿ ತೊಂದರೆ ಕೊಡದೆ ಬದುಕಿರುತ್ತದೆ. ಆಮೆಯ ಮಲದೊಡನೆ ಹೊರಬೀಳುವ ಗಟ್ಟಿ ಕವಚದ ಕೋಶಗಳು ನೀರಿನ ತೊಟ್ಟಿಯ ಮೂಲಕವೋ, ಒಂದೇ ಪೊರಕೆ, ಒಂದೇ ಬಕೆಟ್ಟಿನ ಮೂಲಕವೋ ಹಾವಿನ ಬೋನಿಗೆ ದಾಟಿದರೆ ಮಾತ್ರ ಅನಾಹುತ. ಕಾಡಿನಲ್ಲಿ ಆಮೆಯೂ ಹೆಬ್ಬಾವೂ ಒಂದೇ ತೊಟ್ಟಿಯ ನೀರು ಹಂಚಿಕೊಳ್ಳುವುದಿಲ್ಲ. ಮನುಷ್ಯ ಕಟ್ಟಿದ ಆವರಣದಲ್ಲಿ ಆ ಅಪಾಯವಿದೆ. ಪ್ರಾಣಿಯನ್ನು ಬೋನಿನಲ್ಲಿಟ್ಟ ಮೇಲೆ ಅದರ ಕರುಳಿನ ಹೊಣೆಯೂ ನಮ್ಮದೇ ಆಗುತ್ತದೆ.

ಇಂದಿನ ಪರೀಕ್ಷೆ

ಲೀವೆನ್‌ಹುಕ್ ಬಳಸಿದ ಕ್ರಮದ ತಿರುಳು ಇಂದಿಗೂ ಬದಲಾಗಿಲ್ಲ. ತಾಜಾ ಮಲದ ಕಡ್ಡಿತುದಿಯಷ್ಟನ್ನು ಶೇಕಡ 0.9ರ ಉಪ್ಪುನೀರಿನ ಹನಿಯಲ್ಲಿ ಕದಡಿ, ತೆಳು ಗಾಜು ಮುಚ್ಚಿ, ಕೂಡಲೇ ನೋಡಬೇಕು. ಚಲಿಸುವ ಆದಿಜೀವಿಗಳು ದೇಹದಿಂದ ಹೊರಬಂದ ಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ. ಒಣಗಿದ ಮಾದರಿಯಲ್ಲಿ ಅವು ಗುರುತು ಸಿಗದಂತೆ ಅಳಿದಿರುತ್ತವೆ. ಇನ್ನೊಂದು ಹನಿಗೆ ಅಯೋಡಿನ್ ಸೇರಿಸಿದರೆ ಕೋಶಗಳ ಒಳಗಿನ ಬೀಜಕೇಂದ್ರಗಳು ಎದ್ದು ಕಾಣುತ್ತವೆ. ಬಲಿತ ಎಂಟಮೀಬಾ ಇನ್ವೇಡೆನ್ಸ್ ಕೋಶದಲ್ಲಿ ಅವು ನಾಲ್ಕು. ಕೋಶಗಳು ವಿರಳವಾಗಿದ್ದರೆ ಸತುವಿನ ಸಲ್ಫೇಟಿನಂಥ ಸಾಂದ್ರ ದ್ರಾವಣದಲ್ಲಿ ತೇಲಿಸಿ ಮೇಲಿನ ಪದರವನ್ನು ಪರೀಕ್ಷಿಸುತ್ತಾರೆ. ಕ್ರಿಪ್ಟೊಸ್ಪೊರಿಡಿಯಂ ಕೋಶದ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕರಿಂದ ಆರು ಭಾಗ ಮಾತ್ರ. ಅದನ್ನು ಹಿಡಿಯಲು ಕ್ಷಯರೋಗದ ಕಫ ಪರೀಕ್ಷೆಯಲ್ಲಿ ಬಳಸುವಂಥ ಕೆಂಪು ಬಣ್ಣದ ಲೇಪನ ಬೇಕು.

ಒಂದು ಮಾದರಿಯಲ್ಲಿ ಏನೂ ಕಾಣದಿದ್ದರೆ ಪ್ರಾಣಿ ನಿರೋಗಿಯೆಂದು ಹೇಳುವಂತಿಲ್ಲ. ಕೋಶಗಳು ಪ್ರತಿದಿನ ಹೊರಬರುವುದಿಲ್ಲವಾದ್ದರಿಂದ ಪರೀಕ್ಷೆಯನ್ನು ಮರುಕಳಿಸಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಪ್ರತ್ಯೇಕವಾಗಿರಿಸಿ ಹಲವು ವಾರ ಗಮನಿಸುವುದು ಇದಕ್ಕಾಗಿಯೇ. ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ನಕ್ಷತ್ರ ಆಮೆಗಳ ವಿಷಯದಲ್ಲಂತೂ ಇದು ಅನಿವಾರ್ಯ. ಚೀಲಗಳಲ್ಲಿ ಒಂದರ ಮೇಲೊಂದು ತುಂಬಿಸಿದ ಆಮೆಗಳಲ್ಲಿ ಒಂದರ ಸೋಂಕು ಎಲ್ಲಕ್ಕೂ ಹಬ್ಬಿರಬಹುದು. ಅವುಗಳನ್ನು ಪರೀಕ್ಷೆಯಿಲ್ಲದೆ ಕಾಡಿಗೆ ಬಿಟ್ಟರೆ ಕಾಡಿನ ಆಮೆಗಳಿಗೂ ಅಪಾಯ.

ಕಂಡದ್ದೆಲ್ಲ ರೋಗವೂ ಅಲ್ಲ. ಸೊಪ್ಪು ತಿನ್ನುವ ಆಮೆಯ ಕರುಳಿನಲ್ಲಿ ರೋಮಕ ಆದಿಜೀವಿಗಳು ಧಾರಾಳವಾಗಿ ಇರುವುದು ಸಾಮಾನ್ಯ. ಅವುಗಳಲ್ಲಿ ಹಲವು ಪ್ರಾಣಿಗೆ ಕೇಡು ಮಾಡುವುದಿಲ್ಲ. ಅವುಗಳನ್ನು ಕಂಡು ಗಾಬರಿಯಿಂದ ಔಷಧಿ ಸುರಿದರೆ ಕರುಳಿನ ಸಮತೋಲವೇ ಕೆಡಬಹುದು. ಇಲಿ ನುಂಗಿದ ಹಾವಿನ ಮಲದಲ್ಲಿ ಇಲಿಯ ಪರೋಪಜೀವಿಗಳೂ ಹಾದುಬರುತ್ತವೆ. ಅವು ಹಾವಿನವೋ ಇಲಿಯವೋ ಎಂದು ಖಚಿತಪಡಿಸಲು ಈಗ ಪಿಸಿಆರ್ ಪರೀಕ್ಷೆಯಿದೆ. ಎಂಟಮೀಬಾ ಸೋಂಕಿಗೆ ಮೆಟ್ರೊನಿಡಜೋಲ್ ಔಷಧಿಯನ್ನು ದೇಹತೂಕಕ್ಕೆ ತಕ್ಕ ಪ್ರಮಾಣದಲ್ಲಿ ನೀಡುತ್ತಾರೆ. ಹಾವಿನ ಕ್ರಿಪ್ಟೊಸ್ಪೊರಿಡಿಯಂಗೆ ಖಾತರಿಯ ಮದ್ದು ಇಂದಿಗೂ ಇಲ್ಲ. ಅದರ ಕೋಶಗಳು ಕ್ಲೋರಿನ್ ಬೆರೆಸಿದ ನೀರಿಗೂ ಬಗ್ಗುವುದಿಲ್ಲ. ಅಲ್ಲಿ ಬೇಗ ಪತ್ತೆಹಚ್ಚಿ, ಬೇರೆ ಇರಿಸುವುದೊಂದೇ ಉಳಿದ ಹಾವುಗಳಿಗೆ ರಕ್ಷೆ.

ಇಷ್ಟನ್ನೂ ತೂಗಿ ನೋಡಿ ಹೇಳಬೇಕಾದವರು ಸೂಕ್ಷ್ಮದರ್ಶಕದ ಹಿಂದೆ ಕುಳಿತ ಮನುಷ್ಯರು. ಉಪಕರಣವನ್ನು ಹಣಕೊಟ್ಟು ತರಬಹುದು. ಗಾಳಿಗುಳ್ಳೆಗೂ ಕೋಶಕ್ಕೂ, ಪರಾಗಕಣಕ್ಕೂ ಪರೋಪಜೀವಿಗೂ ವ್ಯತ್ಯಾಸ ಕಾಣುವ ಕಣ್ಣು ಅಭ್ಯಾಸದಿಂದ ಮಾತ್ರ ಬರುತ್ತದೆ. ಆ ಅಭ್ಯಾಸ ಒಬ್ಬರಿಂದ ಒಬ್ಬರಿಗೆ ದಾಟಬೇಕು.

ಲೀವೆನ್‌ಹುಕ್‌ನ ಪತ್ರಗಳಿಗೆ ಮರುಜೀವ ಬಂದದ್ದೂ ಅಂಥ ಒಂದು ಕಣ್ಣಿನಿಂದಲೇ. ಇಂಗ್ಲೆಂಡಿನ ಕ್ಲಿಫರ್ಡ್ ಡೋಬೆಲ್ ಕರುಳಿನ ಅಮೀಬಾಗಳನ್ನೇ ಅಧ್ಯಯನ ಮಾಡಿದ ಆದಿಜೀವಿ ತಜ್ಞ. ಹಳೆಯ ಡಚ್ ಭಾಷೆಯನ್ನು ಕಲಿತು, ಮೂಲ ಪತ್ರಗಳನ್ನು ಸಾಲುಸಾಲಾಗಿ ಓದಿ, ಬಟ್ಟೆ ವ್ಯಾಪಾರಿ ಕಂಡ ಜೀವಿಗಳು ಯಾವುವೆಂದು ಒಂದೊಂದಾಗಿ ಗುರುತಿಸಿದ. ಲೀವೆನ್‌ಹುಕ್ ಹುಟ್ಟಿದ 300ನೆಯ ವರ್ಷವಾದ 1932ರಲ್ಲಿ ಡೋಬೆಲ್‌ನ ಗ್ರಂಥ ಹೊರಬಂತು. ತಾನೂ ಅಂಥವೇ ಹನಿಗಳನ್ನು ವರ್ಷಗಟ್ಟಲೆ ನೋಡಿದ್ದರಿಂದಲೇ ಡೋಬೆಲ್‌ಗೆ ಆ ವರ್ಣನೆಗಳು ಅರ್ಥವಾದವು.

ಮೈಸೂರಿನ ಮೃಗಾಲಯ ಸ್ಥಾಪನೆಯಾದದ್ದು 1892ರಲ್ಲಿ. ಬನ್ನೇರುಘಟ್ಟದಂಥ ದೊಡ್ಡ ಉದ್ಯಾನಗಳಿಗೆ ಬೆಂಗಳೂರಿನ ಪಶುವೈದ್ಯ ಕಾಲೇಜು, ಪ್ರಯೋಗಾಲಯಗಳು ಹತ್ತಿರದಲ್ಲಿವೆ. ಆನಗೋಡಿನಂತೆ ಜಿಲ್ಲೆಗಳಲ್ಲಿರುವ ಚಿಕ್ಕ ಮೃಗಾಲಯಗಳಿಗೆ ರಾಜಧಾನಿ ದೂರ. ಕರುಳಿನ ಆದಿಜೀವಿಗಳು ಪ್ರಯಾಣಕ್ಕೆ ಕಾಯುವುದಿಲ್ಲ. ಬೆಂಗಳೂರಿನ ದಾರಿಯಲ್ಲೇ ಅವು ಅಳಿದುಹೋಗಬಹುದು. ಹೀಗಾಗಿ ಮೊದಲ ಪರೀಕ್ಷೆ ನಡೆಯಬೇಕಾದದ್ದು ಬೋನಿನ ಪಕ್ಕದಲ್ಲೇ. ಅದಕ್ಕೆ ಬೇಕಾದದ್ದು ಸಾಧಾರಣ ಸೂಕ್ಷ್ಮದರ್ಶಕ, ಉಪ್ಪುನೀರು, ಅಯೋಡಿನ್, ದಿನಾಂಕ ಬರೆದಿಡುವ ಪುಸ್ತಕ. ಜೊತೆಗೆ ನೋಡಲು ಬಲ್ಲ ಒಬ್ಬರು, ಅವರ ಪಕ್ಕದಲ್ಲಿ ಕಲಿಯುತ್ತ ಕುಳಿತ ಇನ್ನೊಬ್ಬರು. ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿಯ ಮನೆಯಲ್ಲಿ 50 ವರ್ಷ ಖಾಲಿಯಾಗಿಯೇ ಉಳಿದದ್ದು ಆ ಎರಡನೆಯ ಕುರ್ಚಿ.